ಹಳಿ ಮೇಲಿನ ಗದ್ದಿಗೆ

ಕರಿಬಸವಯ್ಯನ ಮುತ್ತಜ್ಜಿಯ ಹೆಸರನ್ನು ಕಲ್ಲಿನ ಮೇಲೆ ಬರೆದವನು ನಾನೇ. ಹಸಿರು ಬಣ್ಣ, ಎರಡು ಸಾಲು: ‘ಲಿಂಗೈಕ್ಯ ಗುರುಮಲ್ಲಮ್ಮನವರ ಗದ್ದಿಗೆ’. ಬೋರ್ಡು ಬರೆಯುವುದು ನನ್ನ ಕಸುಬು. ಚಾಮರಾಜನಗರದಿಂದ ಬೇಗೂರಿನವರೆಗೆ ಹೋಟೆಲು, ಗೊಬ್ಬರದ ಅಂಗಡಿ, ಸೊಸೈಟಿ, ಕಲ್ಯಾಣ ಮಂಟಪ, ಯಾವ ಗೋಡೆ ನೋಡಿದರೂ ಮೂಲೆಯಲ್ಲಿ ‘ಸೋಮೇಶ್ ಆರ್ಟ್ಸ್’ ಅಂತ ಸಣ್ಣದಾಗಿ ಇರುತ್ತದೆ. ಆ ಕಲ್ಲಿನ ಮೂಲೆಯಲ್ಲಿ ಮಾತ್ರ ನನ್ನ ಹೆಸರು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಅನ್ನುವುದು ಆಗಲೇ ನನಗೆ ಗೊತ್ತಿತ್ತು.

ಕರಿಬಸವಯ್ಯ ನನಗೆ ದೂರದ ಸಂಬಂಧದಲ್ಲಿ ಮಾವ. ಅರವತ್ತು ದಾಟಿದ್ದಾನೆ. ಅವನನ್ನು ಕೆಟ್ಟವನು ಅಂತ ನಮ್ಮೂರಲ್ಲಿ ಯಾರೂ ಹೇಳಲಾರರು, ನಾನಂತೂ ಹೇಳುವುದಿಲ್ಲ. ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದರೆ ಡಾಕ್ಟರಿಗಿಂತ ಮೊದಲು ಅವನಿಗೇ ಫೋನ್ ಹೋಗುತ್ತದೆ. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಬರುತ್ತಾನೆ. ತೋಳಿಗೆ ಹರಳೆಣ್ಣೆ ಹಚ್ಚಿಕೊಂಡು, ಹಸುವಿನ ಹತ್ತಿರ ಏನೋ ಮಾತಾಡುತ್ತ, ಅಡ್ಡ ತಿರುಗಿದ ಕರುವನ್ನು ನೆಟ್ಟಗೆ ಮಾಡಿ ಎಳೆಯುತ್ತಾನೆ. ಮೇಲಿನ ಬೀದಿ, ಕೆಳಗಿನ ಕೇರಿ ಅಂತ ನೋಡುವುದಿಲ್ಲ. ಸುಳ್ಳು ಹೇಳಲು ಅವನಿಗೆ ಬರುವುದಿಲ್ಲ. ಹೇಳಿದರೆ ಬಲಗಿವಿ ಕೆರೆದುಕೊಳ್ಳುತ್ತಾನೆ. ಅವನ ಹೆಂಡತಿ ಶಾಂತಮಲ್ಲಮ್ಮ ಅದನ್ನು ಹೇಳಿ ಹೇಳಿ ಮೂವತ್ತು ವರ್ಷ ಅವನನ್ನು ಗೇಲಿ ಮಾಡಿದ್ದಾಳೆ.

ನಮ್ಮ ಗಾಳಿಮರದಹುಂಡಿಗೆ ಮುಂಚೆ ಸಣ್ಣ ರೈಲು ಬರುತ್ತಿತ್ತು. ದೊಡ್ಡ ಗೇಜು ಮಾಡಿದಾಗ ಹಳಿ ಅರ್ಧ ಮೈಲಿ ಆಚೆ ಸರಿಯಿತು, ಸ್ಟೇಷನ್ನು ಮುಚ್ಚಿಹೋಯಿತು. ಉಳಿದದ್ದು ಹೆಂಚು ಬಿದ್ದ ಸ್ಟೇಷನ್ ಕಟ್ಟಡ, ಇಂಜಿನ್ನಿಗೆ ನೀರು ತುಂಬುತ್ತಿದ್ದ ಟ್ಯಾಂಕು, ಇವೆರಡರ ಮಧ್ಯೆ ಮಣ್ಣಿನಲ್ಲಿ ಹೂತ ಮುನ್ನೂರು ಅಡಿ ಸೈಡಿಂಗು, ಅಂದರೆ ಗೂಡ್ಸ್ ಡಬ್ಬಿಗಳನ್ನು ಪಕ್ಕಕ್ಕೆ ನಿಲ್ಲಿಸುತ್ತಿದ್ದ ಹಳಿ. ಮಿಕ್ಕಿದ್ದನ್ನೆಲ್ಲ ಊರು ಮನೆಗೆ ಸಾಗಿಸಿತು. ಹಳಿಯ ಕೆಳಗಿನ ಮರದ ಸ್ಲೀಪರುಗಳು ನಮ್ಮ ಬೀದಿಯಲ್ಲಿ ಬಾಗಿಲ ಚೌಕಟ್ಟುಗಳಾದವು. ಕರಿಬಸವಯ್ಯ ಸಾಮಾನು ಒಯ್ಯಲಿಲ್ಲ, ಜಾಗ ಹಿಡಿದ. ಟ್ಯಾಂಕಿನ ಹತ್ತಿರ ಕೊಟ್ಟಿಗೆ ಕಟ್ಟಿ ಎರಡು ಹಸು ಕಟ್ಟಿದ, ಸೈಡಿಂಗಿನ ಮೇಲೆ ಅರಿಸಿನ ಹಾಕಿದ. ಹದಿನೈದು ವರ್ಷ ಯಾರೂ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮೈಸೂರಿಂದ ಹತ್ತು ಹನ್ನೆರಡು ಜನ ಬಂದಿಳಿದರು. ತಲೆಗೆ ಟೋಪಿ, ಕೈಗೆ ಗ್ಲೌಸು, ಹೊಸ ಮಚ್ಚು. ಸ್ಟೇಷನ್ ಸುತ್ತ ಬೆಳೆದಿದ್ದ ಲಾಂಟಾನ ಪೊದೆ ಕಡಿಯಲು ಶುರು ಮಾಡಿದರು. ಮುಂದಿನ ವಾರವೂ ಬಂದರು. ರೈಲ್ವೆಯವರ ಒಪ್ಪಿಗೆ ಪಡೆದಿದ್ದೇವೆ, ಕಟ್ಟಡ ಸರಿ ಮಾಡುತ್ತೇವೆ, ಹಳಿ ಬಿಡಿಸಿ ಅದರ ಮೇಲೆ ಹಳೆಯ ಕಾಲದ ತಳ್ಳು ಟ್ರಾಲಿ ಓಡಿಸುತ್ತೇವೆ ಅಂದರು. ಕೂಲಿ ಎಷ್ಟು ಅಂತ ನಮ್ಮೂರ ದೊಡ್ಡಮಾದಮ್ಮ ಕೇಳಿದಳು. ಕೂಲಿ ಇಲ್ಲ, ಹಳೆಯದು ಉಳಿಯಲಿ ಅಂತ ಮಾಡ್ತಿದ್ದೀವಿ ಅಂದಳು ಪ್ರಿಯಾಂಕ ಅನ್ನುವ ಬ್ಯಾಂಕಿನ ಹುಡುಗಿ. ದೊಡ್ಡಮಾದಮ್ಮ ಅವರಿಗೆ ಮಜ್ಜಿಗೆ ಕೊಟ್ಟು, ನೆಟ್ಟಗೆ ಅರಳಿಕಟ್ಟೆಗೆ ಬಂದಳು.

“ಸುಳ್ಳು ಕಣ್ರಪ್ಪ. ಈ ಬಿಸ್ಲಲ್ಲಿ ಸುಮ್ಕ ಯಾರ್ ಮೈ ಮುರ್ಕತ್ತರ? ಅಲ್ಲೇನೋ ಅದ.”

ಊರು ನಂಬಿದ್ದು ಅದನ್ನೇ. ಬ್ರಿಟಿಷರು ಹೂತ ನಿಧಿ ಅಂದರು ಕೆಲವರು. ಬಂಡೀಪುರಕ್ಕೆ ಹೋಗುವವರಿಗೆ ರೆಸಾರ್ಟು ಅಂದರು ಇನ್ನು ಕೆಲವರು. ಸ್ಲೀಪರ್ ಒಯ್ದವರ ಪಟ್ಟಿ ಮಾಡುತ್ತಿದ್ದಾರೆ ಅಂತ ಸುದ್ದಿ ಎದ್ದ ದಿನ ನಮ್ಮ ಬೀದಿಯ ನಾಲ್ಕು ಮನೆಗಳ ಚೌಕಟ್ಟಿಗೆ ಹೊಸ ಬಣ್ಣ ಬಿತ್ತು. ಬಣ್ಣ ಹೊಡೆದವನು ನಾನು. ನಾಲ್ಕರಲ್ಲಿ ನಮ್ಮ ಮನೆಯೂ ಒಂದು.

ಬಂದವರ ಮುಂದಾಳು ಭಾನು ಮೇಡಂ. ಐವತ್ತು ವರ್ಷ, ಮೈಸೂರಿನಲ್ಲಿ ವಿಮೆ ಆಫೀಸಿನ ಕೆಲಸ. ಅವರು ಪರವೂರಿನವರೇನೂ ಅಲ್ಲ. ಇದೇ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ಹುಟ್ಟಿ, ನಾಲ್ಕನೇ ಕ್ಲಾಸಿನವರೆಗೆ ನಮ್ಮೂರ ಶಾಲೆಯಲ್ಲೇ ಓದಿದವರು. ತಂದೆ ಮಂಟೇಸ್ವಾಮಿ ಇಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಮೂವತ್ತೊಂದು ವರ್ಷ, ದಿನಾ ಸುತ್ತಿಗೆ ಹಿಡಿದು ಹಳಿಯ ಮೇಲೇ ನಡೆದು, ಸಡಿಲವಾದ ಬೆಣೆಗಳನ್ನು ಬಡಿದು ಬಿಗಿ ಮಾಡುತ್ತಿದ್ದವರು. ಈಗ ಗುಂಡ್ಲುಪೇಟೆ ಆಚೆ ಹಂಗಳದಲ್ಲಿದ್ದಾರೆ. ಅಪ್ಪ ಕಣ್ಣು ಮುಚ್ಚುವ ಮೊದಲು ಅವರನ್ನು ಟ್ರಾಲಿಯಲ್ಲಿ ಕೂರಿಸಿ ಸ್ಟೇಷನ್ನಿಂದ ಟ್ಯಾಂಕಿನವರೆಗೆ ಒಂದು ಸಲ ಕರಕೊಂಡು ಹೋಗಬೇಕು ಅನ್ನುವುದು ಮಗಳ ಆಸೆ. ಇದು ಗೊತ್ತಾದ ಮೇಲೆ ಊರಿನ ಬಾಯಿ ಇನ್ನೂ ಕೆಟ್ಟಿತು. “ಗ್ಯಾಂಗ್‌ಮನ್ ಮಗ್ಳು ಬಂದು ನಮ್ಗ ಪಾಠ ಹೇಳದಾ?” ಅಂದರು. ಗ್ಯಾಂಗ್‌ಮನ್ ಅಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ಕೆಲಸವಲ್ಲ, ಕೇರಿ. ನಾನೂ ಅಲ್ಲೇ ಕೂತು ಕೇಳಿಕೊಂಡು ಬೀಡಿ ಸೇದಿದೆ.

ಶಿವರಾತ್ರಿ ಕಳೆದ ವಾರ ಪ್ರಿಯಾಂಕ ಹಳಿ ಇರುವ ಕಡೆ ಸುಣ್ಣದ ಗೆರೆ ಎಳೆದಳು. ಗೆರೆ ಅರಿಸಿನ ಕಿತ್ತು ಖಾಲಿಯಾಗಿದ್ದ ಕರಿಬಸವಯ್ಯನ ಪಾತಿಯಲ್ಲಿ ಹಾದು, ಕೊಟ್ಟಿಗೆ ಗೋಡೆಯಿಂದ ಮೂರು ಅಡಿ ಆಚೆ ಹೋಯಿತು. ಕೊಟ್ಟಿಗೆ ಮುಟ್ಟುವುದಿಲ್ಲ ಅಂತ ಭಾನು ಮೇಡಂ ಎರಡು ಸಲ ಅವನಿಗೆ ಹೇಳಿದರು. ಅವನಿಗೆ ನಂಬಿಕೆ ಬರಲಿಲ್ಲ. ಪುಕ್ಕಟೆ ದುಡಿಯುವವರ ಮಾತನ್ನು ನಂಬುವುದು ನಮ್ಮೂರಲ್ಲಿ ಯಾರಿಗೂ ರೂಢಿಯಿಲ್ಲ.

ಸಂತೆ ದಿನ ಊರು ಅರ್ಧ ಖಾಲಿ ಇರುತ್ತದೆ. ಅವತ್ತು ಮಧ್ಯಾಹ್ನ ಕರಿಬಸವಯ್ಯ ನನ್ನನ್ನು ಕರೆಸಿದ. ಹೋಗಿ ನೋಡಿದರೆ ಗೆರೆಯ ಮೇಲೆ ಸರಿಯಾಗಿ ಒಂದು ಕಟ್ಟೆ. ಕಾಡುಕಲ್ಲು, ಹಳೆಯ ಇಟ್ಟಿಗೆ ಜೋಡಿಸಿ, ಸಗಣಿ ಸಾರಿಸಿದ್ದ. ಮೇಲೆ ಎಲ್ಲಿಂದಲೋ ತಂದ ಚಪ್ಪಡಿಯೊಂದನ್ನು ನೆಟ್ಟಿದ್ದ. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತೇವೆ, ಹಿರೀಕರಾದರೆ ಮೇಲೆ ಹೀಗೆ ಗದ್ದಿಗೆ ಕಟ್ಟುತ್ತೇವೆ. ಗದ್ದಿಗೆಯನ್ನು ಯಾರೂ ಕೀಳುವುದಿಲ್ಲ. ಸರ್ಕಾರದವರು ಕೂಡ ಹಿಂದೆ ಮುಂದೆ ನೋಡುತ್ತಾರೆ.

“ಯಾರ್ ಗದ್ದುಗ ಮಾವ?”

“ನಮ್ ಮುತ್ತಜ್ಜಿದು. ಪ್ಲೇಗ್ ಕಾಲ್ದಲ್ಲಿ ಸತ್ತವ್ಳು.”

“ಇಲ್ಲೇ ಮಣ್ಣು ಮಾಡಿದ್ರಾ?”

ಕರಿಬಸವಯ್ಯ ಬಲಗಿವಿ ಕೆರೆದುಕೊಂಡ. “ಎಲ್ಲೋ ಮಾಡಿರ್ತರ. ನೀ ಹೆಸ್ರು ಬರಿ ಸೋಮ.”

ಬರೆದೆ. ಹೊಸ ಬಣ್ಣ ಹೊಸದಾಗಿ ಕಾಣಬಾರದು ಅಂತ, ಒಣಗಿದ ಮೇಲೆ ಬೂದಿ ಹಾಕಿ ತಿಕ್ಕಿ ಅಲ್ಲಲ್ಲಿ ಅಕ್ಷರ ಮಾಸುವ ಹಾಗೆ ಮಾಡಿದೆ. ಅದನ್ನು ಅವನು ಹೇಳಿರಲಿಲ್ಲ. ಅದು ನನ್ನದೇ ಬುದ್ಧಿವಂತಿಕೆ. ಕೆಲಸ ಚೆನ್ನಾಗಿ ಬಂತು ಅಂತ ಖುಷಿಯನ್ನೂ ಪಟ್ಟೆ ಅಂತ ಹೇಳಿದರೆ ಈಗ ನನಗೇ ನಾಚಿಕೆಯಾಗುತ್ತದೆ.

ಭಾನುವಾರ ಅವರು ಬಂದರು. ಹಳಿ ಹಾಕುವ ಮೊದಲಿನದು, ಪಾತಿಯ ಮಣ್ಣಿನಲ್ಲಿ ಮುಚ್ಚಿಹೋಗಿತ್ತು, ಬಿಡಿಸಿ ಕಟ್ಟೆ ಸರಿಮಾಡಿದೆ ಅಂದ ಕರಿಬಸವಯ್ಯ. ಜಗಳ ಆಗುತ್ತದೆ ಅಂತ ಕಾದಿದ್ದೆವು. ಭಾನು ಮೇಡಂ ಚಪ್ಪಲಿ ಬಿಟ್ಟು ಕೈ ಮುಗಿದರು. ಹಳಿಯನ್ನು ಇಪ್ಪತ್ತು ಅಡಿ ಈಚೆಗೇ ನಿಲ್ಲಿಸೋಣ ಅಂತ ತಮ್ಮವರಿಗೆ ಹೇಳಿದರು. ಟ್ಯಾಂಕಿನವರೆಗೆ ಹೋಗುವುದಿಲ್ಲವಲ್ಲ ಮೇಡಂ ಅಂತ ಪ್ರಿಯಾಂಕ ಮೆಲ್ಲಗೆ ಕೇಳಿದಳು. ಇರಲಿ ಬಿಡು ಅಂದರು. ಅವತ್ತಿನಿಂದ ಪ್ರತಿ ಭಾನುವಾರ ಗದ್ದಿಗೆಗೆ ಊದುಬತ್ತಿ ಹಚ್ಚಿಯೇ ಅವರು ಗುದ್ದಲಿ ಹಿಡಿಯುತ್ತಿದ್ದರು. ಕಿತ್ತುಕೊಳ್ಳಲು ಬಂದವರು ಅಂತ ನಾವು ಅಂದುಕೊಂಡಿದ್ದವರೇ ನಮ್ಮ ಸುಳ್ಳಿಗೆ ಮರ್ಯಾದೆ ಕೊಡಲು ಶುರು ಮಾಡಿದ್ದರು.

ಮನೆಯಲ್ಲಿ ಶಾಂತಮಲ್ಲಮ್ಮ ಗಂಡನಿಗೆ ಚೆನ್ನಾಗಿ ಬೈದಳು. “ಮೂರು ತಲೆಮಾರಿಂದ ಅವ್ವನ್ನ ಕತ್ಲಲ್ಲಿ ಮಡಗಿದ್ದೀರಲ್ಲ, ಅದ್ಕೇಯ ನಮ್ ಕರಾ ನಿಲ್ದೇ ಇದ್ದದ್ದು” ಅಂದಳು. ಅವರ ಕೊಟ್ಟಿಗೆಯಲ್ಲಿ ಆ ವರ್ಷ ಎರಡು ಕರು ಸತ್ತಿದ್ದವು. ಸೋಮವಾರ ಸೋಮವಾರ ದೀಪ ಹಚ್ಚಿದಳು. ಆಮೇಲೆ ಊರಿನವರೂ ಬಂದರು. ಹಸು ಕರು ಹಾಕಿದ ಮನೆಯವರು ಮೊದಲ ಗಿಣ್ಣು ತಂದು ಇಟ್ಟರು. ಹಸುವಿನ ಕೆಲಸ ಬಲ್ಲವನ ಮುತ್ತಜ್ಜಿ ಅಲ್ಲವೆ, ಹಸುಗಳನ್ನು ಕಾಯುತ್ತಾಳೆ ಅಂತ ಯಾರೋ ಹೇಳಿದರು, ಎಲ್ಲರೂ ಹೇಳಿದರು. ಕರಿಬಸವಯ್ಯ ಮಾತ್ರ ಕೊಟ್ಟಿಗೆಗೆ ಹಿಂದಿನಿಂದ ಸುತ್ತಿ ಹೋಗತೊಡಗಿದ.

“ಕಟ್ದಾಗ ಬರೀ ಕಲ್ಲು ಕಣ್ಲಾ,” ಅಂದ ಒಂದು ದಿನ. “ಅವ್ಳು ದೀಪ ಹಚ್ಬುಟ್ಟ ಮ್ಯಾಲ ಕೀಳಕ್ಕ ಕೈ ಬತ್ತಿಲ್ಲ.”

“ಸುಮ್ನಿರು ಮಾವ, ಯಾರ್ಗ್ ಏನ್ ನಷ್ಟ ಆಗದ?” ಅಂದೆ ನಾನು. ಆಗ ಅದು ನಿಜ ಅಂತಲೇ ಅನ್ನಿಸಿತ್ತು.

ಆಷಾಢಕ್ಕೆ ಮೊದಲು ಸ್ಟೇಷನ್ ಕೆಲಸ ಮುಗಿಯಿತು. ಊರಿನ ಹೆಸರಿನ ಬೋರ್ಡು ಬರೆದವನೂ ನಾನೇ. ಮಂಟೇಸ್ವಾಮಿಯವರನ್ನು ಕಾರಿನಲ್ಲಿ ಕರೆತಂದರು. ಎಂಬತ್ತೆರಡು ವರ್ಷ, ಬಿಳಿ ಪಂಚೆ, ಬಿಳಿ ಶರಟು, ಹೊಸ ಚಪ್ಪಲಿ. ಟ್ರಾಲಿಯ ಬೆಂಚಿನ ಮೇಲೆ ಕೂರಿಸಿ ಇಬ್ಬರು ತಳ್ಳಿದರು. ಊರೆಲ್ಲ ನಿಂತು ನೋಡಿತು, ಮೊದಲ ಸಲ ನಕ್ಕುಕೊಂಡು. ಮುದುಕರ ಮುಖ ಅರಳಿತ್ತು. ಟ್ರಾಲಿ ಹೋಗಿ ಗದ್ದಿಗೆಯ ಈಚೆ ನಿಂತಿತು.

“ಯಾಕ ನಿಂತೋಯ್ತವ್ವ? ಟ್ಯಾಂಕು ಅಲ್ಲದ.”

“ಇಲ್ಲೊಂದು ಗದ್ದಿಗೆ ಇದೆ ಅಪ್ಪ. ಮುಂದಕ್ಕೆ ಹಳಿ ಬಿಡಿಸಿಲ್ಲ.”

ಅವರು ಇಳಿದರು. ಗದ್ದಿಗೆ ನೋಡಿದರು, ಟ್ಯಾಂಕು ನೋಡಿದರು, ತಿರುಗಿ ಸ್ಟೇಷನ್ ನೋಡಿದರು. ಕೋಲಿನಿಂದ ಅಂದಾಜು ಅಳೆಯುವವರ ಹಾಗೆ ನೆಲ ಕುಟ್ಟಿದರು. ನಮ್ಮಿಬ್ಬರನ್ನು ಬಿಟ್ಟರೆ ಇಲ್ಲಿ ಏನಿತ್ತು, ಏನಿರಲಿಲ್ಲ ಅಂತ ಗೊತ್ತಿರುವ ಮನುಷ್ಯ ಭೂಮಿಯ ಮೇಲೆ ಅವರೊಬ್ಬರೇ.

“ಅಯ್ನೋರೆ,” ಅಂದರು ಕರಿಬಸವಯ್ಯನ ಕಡೆ ತಿರುಗಿ, “ಇದು ಆಗ್ಲಿಂದ್ಲೂ ಇಲ್ಲೇ ಇತ್ತಾ?”

ಊರು ನೋಡುತ್ತಿತ್ತು. ಪಕ್ಕದಲ್ಲಿ ಶಾಂತಮಲ್ಲಮ್ಮ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ಕರಿಬಸವಯ್ಯ “ಹ್ಞೂ” ಅಂದ. ಅಷ್ಟೇ ಅಂದದ್ದು. ಕೈ ಕಿವಿಗೆ ಹೋಯಿತು.

ಮಂಟೇಸ್ವಾಮಿ ಚಪ್ಪಲಿ ಕಳಚಿದರು. ಕೋಲು ಪಕ್ಕಕ್ಕಿಟ್ಟು, ಮಗಳು ಬೇಡ ಅಂದರೂ ಕೇಳದೆ, ನೆಲಕ್ಕೆ ಉದ್ದಕ್ಕೆ ಬಿದ್ದರು. “ಮೂವತ್ತೊಂದು ವರ್ಷ ಬೂಟ್ ಕಾಲಲ್ಲಿ ತುಳ್ದಿನಿ ತಾಯಿ. ಎಲ ಅಡಿಕ ಉಗ್ದಿನಿ. ನಂಗ ಗೊತ್ತಿರ್ನಿಲ್ಲ” ಅಂದರು. ಎದ್ದು, ಕೆನ್ನೆ ಕೆನ್ನೆ ಬಡಿದುಕೊಂಡು, ಕರಿಬಸವಯ್ಯನಿಗೂ ಕೈ ಮುಗಿದು, “ಹೊಟ್ಟಗ ಹಾಕ್ಕಳಿ ಅಯ್ನೋರೆ” ಅಂದರು. ಒಂದು ವರ್ಷ ಕಾಲಿಗೆ ಏನೂ ಮೆಟ್ಟುವುದಿಲ್ಲ ಅಂತ ಅಲ್ಲೇ ಎಲ್ಲರೆದುರು ತಪ್ಪು ಕಟ್ಟಿಕೊಂಡರು. ನಮ್ಮವರು ಕೆಲವರು ತಲೆಯಾಡಿಸಿದರು, ಈಗಲಾದರೂ ಗೊತ್ತಾಯಿತಲ್ಲ ಅನ್ನುವ ಹಾಗೆ. ಆ ತಲೆಯಾಡಿಸಿದ್ದು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆದರೆ ನಾನೂ ಅವತ್ತು ಬಾಯಿ ಬಿಡಲಿಲ್ಲ.

ಅವರು ಬರಿಗಾಲಲ್ಲಿ ಕಾರು ಹತ್ತಿದರು. ಚಪ್ಪಲಿ ಅಲ್ಲೇ ಉಳಿಯಿತು. ಕರಿಬಸವಯ್ಯ ಅದನ್ನು ಎತ್ತಿಕೊಂಡು ಹೋಗಿ ಕೊಟ್ಟಿಗೆಯ ಅಟ್ಟದಲ್ಲಿಟ್ಟ. ದಿನಾ ಹಾಲು ಕರೆಯುವಾಗ ತಲೆ ಎತ್ತಿದರೆ ಅದೇ ಕಾಣುತ್ತಿತ್ತಂತೆ. ಕೇಳಿದ್ದಕ್ಕೆ, “ಕಾಣ್ಲಿ ಅಂತಲೇ ಮಡಗಿರದು” ಅಂದ.

ಸ್ಟೇಷನ್ ನೋಡಿಕೊಳ್ಳಲು ವಾರವಾರ ಬರುತ್ತಿದ್ದ ಭಾನು ಮೇಡಂ ಗೌರಿ ಹಬ್ಬದ ಹೊತ್ತಿಗೆ ಮೂರು ವಾರ ಬರಲಿಲ್ಲ. ಯಾಕೆ ಅಂತ ಪ್ರಿಯಾಂಕ ಹೇಳಿದಳು. ಹೊಲದಲ್ಲಿ ಮಂಟೇಸ್ವಾಮಿಯವರ ಕಾಲಿಗೆ ಜಾಲಿ ಮುಳ್ಳು ಮುರಿದಿತ್ತು. ಶುಗರ್ ಇರುವವರು, ನೋವು ಗೊತ್ತಾಗಲಿಲ್ಲ, ಗಾಯ ಕೀವಾಯಿತು. ಬ್ಯಾಂಡೇಜಿನ ಮೇಲಾದರೂ ಚಪ್ಪಲಿ ಹಾಕಿ ಅಂದರೆ ಕೇಳಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಎಡಗಾಲಿನ ಎರಡು ಬೆರಳು ತೆಗೆದರು.

ಕರಿಬಸವಯ್ಯ ಹಸುವಿಗೆ ಹುಲ್ಲು ಹಾಕುತ್ತಿದ್ದವನು ಹುಲ್ಲಿನ ಮೇಲೇ ಕೂತ. “ಅವ್ರು ಮನಗ ಬಂದ್ ಮ್ಯಾಲ ಹೇಳು. ಹಂಗಳಕ್ಕ ಹೋಗನ. ನೀನೂ ಬಾ. ಅಕ್ಷರ ನಿಂದು” ಅಂದ.

ಚಾಮರಾಜನಗರಕ್ಕೆ ಬಂದು, ಗುಂಡ್ಲುಪೇಟೆ ಬಸ್ಸು ಹಿಡಿದು, ಅಲ್ಲಿಂದ ಹಂಗಳಕ್ಕೆ ಇನ್ನೊಂದು. ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. ಗೋಪಾಲಸ್ವಾಮಿ ಬೆಟ್ಟ ಕಂಡಾಗ ಕೈ ಮುಗಿಯಲು ಎತ್ತಿದವನು ಮತ್ತೆ ಇಳಿಸಿದ.

ಮಂಟೇಸ್ವಾಮಿ ಜಗಲಿಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ನಮ್ಮನ್ನು ನೋಡಿ ಗಾಬರಿಯಾಗಿ ಏಳಲು ಹೋದರು. “ಅಯ್ನೋರು ನಮ್ ಮನ ಗಂಟ ಬಂದ್ರಾ” ಅಂದರು. ಭಾನು ಮೇಡಂ ಕುರ್ಚಿ ಹಾಕಿದರು. ಕರಿಬಸವಯ್ಯ ಕೂರಲಿಲ್ಲ. ಪೇಪರು ಬಿಚ್ಚಿ ಅವರ ಚಪ್ಪಲಿಯನ್ನು ಮಂಚದ ಕೆಳಗಿಟ್ಟ.

“ಅಲ್ಲಿ ಯಾರ್ನೂ ಮಣ್ಣು ಮಾಡಿಲ್ಲ. ಕೊಟ್ಗ ಉಳ್ಸ್ಕಳಕ್ಕ ನಾ ಕಟ್ದ್ ಕಲ್ಲು ಅದು. ನೀವ್ ತುಳ್ದಿಲ್ಲ. ನೀವ್ ಯಾರ್ನೂ ತುಳ್ದಿಲ್ಲ.”

“ಹೆಸ್ರು ಬರ್ದವ್ನು ನಾನು,” ಅಂದೆ.

ಭಾನು ಮೇಡಂ ಕೈಯಲ್ಲಿದ್ದ ನೀರಿನ ಲೋಟ ನಮಗೆ ಕೊಡದೆ ನೆಲಕ್ಕಿಟ್ಟರು. “ನಮ್ಮಪ್ಪನ ಎರಡು ಬೆರಳು ಹೋಯ್ತು” ಅಂದರು. ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಉಸಿರಾಡಬಹುದಿತ್ತು.

ಮುದುಕರು ತಮ್ಮ ಕಾಲನ್ನೇ ನೋಡುತ್ತಿದ್ದರು. ಆಮೇಲೆ ಕಣ್ಣಲ್ಲಿ ನೀರು ಬಂತು. “ನನ್ ಕಾಲ್ಗ ಗೊತ್ತಿತ್ತು,” ಅಂದರು. “ಅಲ್ಲೇನೂ ಇಲ್ಲ ಅಂತ ಕಾಲ್ಗ ಗೊತ್ತಿತ್ತು. ಒಂದೊಂದ್ ಸ್ಲೀಪರ್ರೂ ಗೊತ್ತು ನಂಗ. ನನ್ ಕಾಲ್ನ ನಂಬ್ನಿಲ್ಲ, ನಿಮ್ ಮಾತ್ನ ನಂಬ್ದೆ.”

ಕರಿಬಸವಯ್ಯ ಅವರ ಕಾಲ ಹತ್ತಿರ ಬಗ್ಗಿದ. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು.

“ಬ್ಯಾಡಿ. ಇಲ್ಲಿ ಯಾರವ್ರ ನೋಡಕ್ಕ? ನಾ ಊರ್ ಮುಂದ ಬಿದ್ದಿನಿ. ನೀವ್ ಹೇಳದಾದ್ರ ಅಲ್ಲೇ ಹೇಳಿ.”

ಮುಂದಿನ ಭಾನುವಾರ ಕರಿಬಸವಯ್ಯ ಹೇಳಿದ. ದೊಡ್ಡಮಾದಮ್ಮನಿಂದ ಹಿಡಿದು ಎಲ್ಲರನ್ನೂ ಅವನೇ ಮನೆಮನೆಗೆ ಹೋಗಿ ಕರೆದಿದ್ದ. ಭಾನು ಮೇಡಂ ಅಪ್ಪನನ್ನು ಕರೆತಂದು ಟ್ರಾಲಿಯ ಮೇಲೆ ಕೂರಿಸಿದ್ದರು. ಹಾರೆ ಹಿಡಿದು ಗದ್ದಿಗೆಯ ಮುಂದೆ ನಿಂತು, ಹಂಗಳದಲ್ಲಿ ಹೇಳಿದ್ದನ್ನೇ ಹೇಳಿದ. ಕಿವಿಗೆ ಕೈ ಹೋಗಲಿಲ್ಲ. ಅಕ್ಷರ ನಂದು, ಬೂದಿ ಹಾಕಿ ತಿಕ್ಕಿದ್ದೂ ನಾನೇ ಅಂತ ನಾನೂ ಹೇಳಿದೆ. ಗಿಣ್ಣು ಇಟ್ಟವರು ಬೈದರು. ಆದದ್ದು ಆಯಿತು, ದೀಪ ಹಚ್ಚಿದ ಮೇಲೆ ಕೀಳಬಾರದು ಅಂತ ಕೆಲವರು ಅಡ್ಡ ಬಂದರು. ಅವರನ್ನು ದಾಟಿ ಶಾಂತಮಲ್ಲಮ್ಮ ಮುಂದೆ ಬಂದಳು.

“ಇಷ್ಟ್ ದಿನ ನನ್ ಕೈಲಿ ಯಾರ್ಗ ದೀಪ ಹಚ್ಚಿಸ್ದಯ್?”

ಅವಳು ಬಗ್ಗಿ ಹಣತೆಯನ್ನು ಸೆರಗಿಗೆ ಹಾಕಿಕೊಂಡು ಮನೆಗೆ ಹೋದಳು. ಅವತ್ತಿನಿಂದ ಇವತ್ತಿನವರೆಗೂ ಅವಳು ಅವನ ಕಿವಿಯ ವಿಷಯ ತೆಗೆದು ಗೇಲಿ ಮಾಡಿಲ್ಲ.

ಕಲ್ಲು ಕಿತ್ತದ್ದು ಅವನು, ಇಟ್ಟಿಗೆ ಹೊತ್ತದ್ದು ನಾನು. ಆಮೇಲಿನ ನಾಲ್ಕು ವಾರ ಮೈಸೂರಿನವರ ಜೊತೆ ಉಳಿದ ಹಳಿ ಬಿಡಿಸಿದೆವು. ಕೊಟ್ಟಿಗೆಗೆ ಮೂರು ಅಡಿ ಹಾಗೇ ಉಳಿಯಿತು, ಅವರು ಮೊದಲೇ ಹೇಳಿದ್ದ ಹಾಗೆ. ಐದನೆಯ ಭಾನುವಾರ ಮಂಟೇಸ್ವಾಮಿ ಮತ್ತೆ ಬಂದರು. ಟ್ರಾಲಿ ತಳ್ಳುವವರು ಹಿಂದಿನ ಕಾಲದಲ್ಲಿ ಬರಿಗಾಲಲ್ಲಿ ಹಳಿಯ ಮೇಲೇ ಓಡುತ್ತಿದ್ದರಂತೆ. ಕರಿಬಸವಯ್ಯ ಚಪ್ಪಲಿ ಬಿಟ್ಟು ಹಿಂದೆ ನಿಂತ. ಬೇರೆ ಯಾರಿಗೂ ಬಿಡಲಿಲ್ಲ. ಓಡಲು ಅವನಿಗೆ ಬರಲಿಲ್ಲ, ಹಳಿ ಕಾದಿತ್ತು, ಎರಡು ಸಲ ಕಾಲು ಜಾರಿತು.

ಗದ್ದಿಗೆ ಇದ್ದ ಜಾಗ ಬಂದಾಗ ಮುದುಕರು ಕೈ ಎತ್ತಿದರು. “ನಿಲ್ಸಿ.”

ಮಗಳ ಭುಜ ಹಿಡಿದು, ಎರಡು ಬೆರಳಿಲ್ಲದ ಎಡಗಾಲನ್ನು ಬ್ಯಾಂಡೇಜಿನ ಸಮೇತ ಕೆಳಗಿಳಿಸಿ ನೆಲದ ಮೇಲಿಟ್ಟರು. ಒತ್ತಿ ನೋಡಿದರು. ಹಾಗೇ ಸ್ವಲ್ಪ ಹೊತ್ತು ಇಟ್ಟಿದ್ದರು.

“ಏನೂ ಇಲ್ಲ,” ಅಂದರು. ಕಾಲು ಮೇಲೆ ತೆಗೆದುಕೊಂಡು ಟ್ಯಾಂಕಿನ ಕಡೆ ನೋಡಿದರು. “ತಳ್ಳಪ್ಪ.”

ಕರಿಬಸವಯ್ಯನಿಂದ ಆಗಲಿಲ್ಲ. ಟ್ರಾಲಿಯ ಹಿಂದಿನ ಕಂಬಿಗೆ ತಲೆಯಾನಿಸಿ ನಿಂತುಬಿಟ್ಟಿದ್ದ. ನಾನು ಚಪ್ಪಲಿ ಬಿಟ್ಟು ಪಕ್ಕಕ್ಕೆ ಹೋಗಿ ಟ್ರಾಲಿಗೆ ಕೈ ಹಚ್ಚಿದೆ.